ಸಿಮೆಂಟ್ ಜಿಂಕೆಯ ಕಾಲು ಯಾಕೆ ಸೀಳಿತು? ಅಂಗಳದ ಹಳೇ ಗೊಂಬೆಗಳ ದೋಷ ಪತ್ತೆ ಮತ್ತು ದುರಸ್ತಿ

ನಮ್ಮ ಸಾಗರದ ಮನೆಯ ಅಂಗಳದಲ್ಲಿ ಒಂದು ಸಿಮೆಂಟ್ ಜಿಂಕೆ ಇದೆ. ತುಳಸಿಕಟ್ಟೆಯ ಆಚೆ, ದಾಸವಾಳದ ಗಿಡದ ಪಕ್ಕ, ಕತ್ತು ತಿರುಗಿಸಿ ಹಿಂದೆ ನೋಡುತ್ತಾ ನಿಂತಿದೆ. 70ರ ದಶಕದಲ್ಲಿ ಮನೆ ಕಟ್ಟಲು ಬಂದಿದ್ದ ಮೇಸ್ತ್ರಿ, ಉಳಿದ ಕಂಬಿ ಮತ್ತು ಸಿಮೆಂಟಿನಲ್ಲಿ ಅಜ್ಜನಿಗೆ ಮಾಡಿಕೊಟ್ಟದ್ದು. ಅಚ್ಚಿನಲ್ಲಿ ಎರೆದದ್ದಲ್ಲ. ಕೈಯಲ್ಲೇ ಮೆತ್ತಿ ಮೆತ್ತಿ ರೂಪ ಕೊಟ್ಟದ್ದು. ಅದರ ಕಿವಿಯ ಒಳಗೆ ಇವತ್ತಿಗೂ ಅವರ ಹೆಬ್ಬೆರಳಿನ ಗುರುತು ಕಾಣುತ್ತದೆ.

ಕೆಲವು ವರ್ಷಗಳ ಹಿಂದೆ ಅದರ ಮುಂಗಾಲಿನಲ್ಲಿ ಉದ್ದಕ್ಕೆ ಒಂದು ಬಿರುಕು ಕಾಣಿಸಿತು. ಪೇಟೆಯಿಂದ ಒಬ್ಬರನ್ನು ಕರೆಸಿದೆವು. ಅವರು ಬಿರುಕಿಗೆ ವಾಲ್ ಪುಟ್ಟಿ ತುಂಬಿದರು, ಮೇಲೆ ಆಯಿಲ್ ಪೇಂಟ್ ಹೊಡೆದರು. ದೀಪಾವಳಿಗೆ ಜಿಂಕೆ ಹೊಸದರ ಹಾಗೆ ಹೊಳೆಯುತ್ತಿತ್ತು. ಮುಂದಿನ ಆಷಾಢದ ಮಳೆಗೆ ಕಾಲಿನ ಅರ್ಧ ಭಾಗ ಚಕ್ಕೆಯಾಗಿ ಕೆಳಗೆ ಬಿತ್ತು. ಒಳಗಿನ ಕಂಬಿ ಕೆಂಪಗೆ, ಪದರ ಪದರವಾಗಿ ಉಬ್ಬಿಕೊಂಡಿತ್ತು.

ಆ ಕಾಲನ್ನು ನಾನೇ ಸರಿ ಮಾಡಿದೆ. ಆಮೇಲೆ ನೆಂಟರ ಮನೆಯ ಗೇಟಿನ ಸಿಂಹಗಳು, ಪರಿಚಿತರ ತೋಟದ ಕೊಕ್ಕರೆ, ಕೊಡ ಹೊತ್ತ ಹೆಂಗಸು ಹೀಗೆ ಒಂದೊಂದಾಗಿ ಕೈಗೆ ಬಂದವು. ಪ್ರತಿ ಸಲವೂ ಎರಡು ಪ್ರಶ್ನೆಗೆ ಉತ್ತರ ಹುಡುಕಿದ ಮೇಲೇ ಕೆಲಸ ಕೈಗೂಡಿತು. ನೀರು ಎಲ್ಲಿಂದ ಒಳಗೆ ಹೋಗುತ್ತಿದೆ? ಒಳಗಿನ ಕಬ್ಬಿಣ ಯಾವ ಸ್ಥಿತಿಯಲ್ಲಿದೆ? ಇವೆರಡು ಗೊತ್ತಾಗುವ ತನಕ ದಯವಿಟ್ಟು ಕರಣೆ ಹಿಡಿಯಬೇಡಿ.

ಒಳಗೆ ಏನಿದೆ?

ನಮ್ಮ ಕಡೆಯ ಹಳೇ ಗೊಂಬೆಗಳಲ್ಲಿ ಎರಡು ಬಗೆ. ಒಂದು ಅಚ್ಚಿನಲ್ಲಿ ಎರೆದವು. ಗೇಟಿನ ಕಂಬದ ಮೇಲಿನ ಸಿಂಹ, ಬೆನ್ನ ಮೇಲೆ ಹೂಕುಂಡ ಇರುವ ಹಂಸ ಸಾಮಾನ್ಯವಾಗಿ ಇಂಥವು. ಇವು ದಪ್ಪ, ಒಳಗೆ ಕಬ್ಬಿಣ ಕಡಿಮೆ. ಇನ್ನೊಂದು ಬಗೆ, ಕಂಬಿಯ ಹಂದರ ಮಾಡಿ, ಕೋಳಿಬಲೆ ಸುತ್ತಿ, ಗಾರೆ ಮೆತ್ತಿದವು. ಜಿಂಕೆ, ಕೊಕ್ಕರೆ, ನಿಂತ ಮನುಷ್ಯರ ಗೊಂಬೆಗಳೆಲ್ಲ ಹೆಚ್ಚಾಗಿ ಹೀಗೇ. ಕಾಲು, ಕತ್ತು, ಕೊಂಬು, ಬೆರಳುಗಳಲ್ಲಿ ಕಂಬಿಯ ಮೇಲೆ ಅರ್ಧ ಇಂಚು ಗಾರೆಯೂ ಇರುವುದಿಲ್ಲ. ರೋಗ ಶುರುವಾಗುವುದು ಅಲ್ಲೇ.

ಕಬ್ಬಿಣ ಮತ್ತು ಸಿಮೆಂಟಿನ ಜೋಡಿಗೂ ತೋಟಕ್ಕೂ ಹಳೇ ನಂಟು. ಫ್ರಾನ್ಸಿನ ತೋಟಗಾರ ಜೋಸೆಫ್ ಮೋನಿಯೆ ಗಿಡ ನೆಡುವ ತೊಟ್ಟಿಗಳು ಒಡೆಯದಿರಲಿ ಎಂದು ಸಿಮೆಂಟಿನೊಳಗೆ ಕಬ್ಬಿಣ ಇಟ್ಟು, 1867ರಲ್ಲಿ ಅದಕ್ಕೆ ಪೇಟೆಂಟ್ ಪಡೆದರು. ಇವತ್ತಿನ ಆರ್‌ಸಿಸಿಯ ಹಿರೀಕರಲ್ಲಿ ಆ ಹೂತೊಟ್ಟಿಗಳೂ ಸೇರಿವೆ.

ಈ ಜೋಡಿ ಬಾಳುವುದಕ್ಕೆ ಒಂದು ಕಾರಣ ಇದೆ. ಹೊಸ ಸಿಮೆಂಟು ತುಂಬಾ ಕ್ಷಾರ, ಅದನ್ನು ಅಳೆಯುವ ಪಿಎಚ್ ಅಂಕಿ 12.5ಕ್ಕಿಂತ ಜಾಸ್ತಿ. ಅಂಥ ಕಡೆ ಕಬ್ಬಿಣದ ಮೈಮೇಲೆ ಒಂದು ತೆಳ್ಳನೆ ಪೊರೆ ಕಟ್ಟುತ್ತದೆ, ತುಕ್ಕು ಹತ್ತಿರ ಬರುವುದಿಲ್ಲ. ಆದರೆ ಗಾಳಿಯ ಇಂಗಾಲದ ಡೈ ಆಕ್ಸೈಡ್ ವರ್ಷ ವರ್ಷವೂ ಸಿಮೆಂಟಿನೊಳಗೆ ನುಸುಳಿ ಆ ಕ್ಷಾರವನ್ನು ಕೊಲ್ಲುತ್ತಾ ಬರುತ್ತದೆ. ಪಿಎಚ್ 9ರ ಹತ್ತಿರ ಇಳಿದರೆ ಪೊರೆ ಹೋಯಿತು. ಆಮೇಲೆ ನೀರು ಮುಟ್ಟಿದರೆ ಸಾಕು, ತುಕ್ಕು ಶುರು. ತುಕ್ಕು ಹಿಡಿದ ಕಬ್ಬಿಣ ಮೊದಲಿನ ಎರಡರಿಂದ ಆರು ಪಟ್ಟು ಜಾಗ ಕೇಳುತ್ತದೆ. ಜಾಗ ಇಲ್ಲದಾಗ ಗಾರೆಯನ್ನೇ ಸೀಳುತ್ತದೆ. ನಮ್ಮ ಜಿಂಕೆಯ ಕಾಲಿಗೆ ಆದದ್ದು ಇದೇ.

ಈ ಕ್ಷಾರ ಸಾಯುವ ವೇಗಕ್ಕೆ ಒಂದು ಲೆಕ್ಕ ಇದೆ. ಆಳ ಎರಡು ಪಟ್ಟಾಗಲು ಕಾಲ ನಾಲ್ಕು ಪಟ್ಟು ಬೇಕು. ಅಂದರೆ ಕಂಬಿಯ ಮೇಲೆ 10 ಮಿಲಿಮೀಟರ್ ಗಾರೆ ಇರುವ ಕಾಲಿಗಿಂತ, 20 ಮಿಲಿಮೀಟರ್ ಇರುವ ಹೊಟ್ಟೆ ನಾಲ್ಕು ಪಟ್ಟು ಹೆಚ್ಚು ಕಾಲ ಸುರಕ್ಷಿತ. ಅದಕ್ಕೇ ಮೈ ಗಟ್ಟಿ ಇದ್ದು ಕಾಲು ಮಾತ್ರ ಸೀಳಿದ ಗೊಂಬೆಗಳು ಅಷ್ಟು ಕಾಣಸಿಗುತ್ತವೆ.

ಇಂಟರ್ನೆಟ್ಟಿನಲ್ಲಿ ಹುಡುಕಿದರೆ ಸಿಗುವ ಸಲಹೆಗಳು ಹೆಚ್ಚಾಗಿ ಚಳಿದೇಶದವು. ಅಲ್ಲಿ ಬಿರುಕಿನೊಳಗಿನ ನೀರು ಮಂಜುಗಡ್ಡೆಯಾಗಿ ಗೊಂಬೆ ಒಡೆಯುತ್ತದೆ. ಚಳಿಗಾಲದಲ್ಲಿ ಮುಚ್ಚಿಡಿ ಎನ್ನುತ್ತಾರೆ. ನಮಗೆ ಆ ಭಯ ಇಲ್ಲ. ಮಲೆನಾಡು, ಕರಾವಳಿಯಲ್ಲಿ ನಾಲ್ಕು ತಿಂಗಳು ನೆನೆದು, ಆಮೇಲೆ ಬಿಸಿಲಿಗೆ ಒಣಗಿ, ಮತ್ತೆ ನೆನೆಯುವುದೇ ನಮ್ಮ ಗೊಂಬೆಗಳ ಶತ್ರು.

ಪರೀಕ್ಷೆ ಮಾಡುವ ಬಗೆ

ಮಳೆ ನಿಂತು ನಾಲ್ಕೈದು ದಿನ ಬಿಸಿಲು ಬಂದ ಮೇಲೆ ನೋಡಿ. ಸುತ್ತಲಿಂದ ಫೋಟೊ ತೆಗೆಯಿರಿ. ಬಿರುಕಿನ ಎರಡೂ ತುದಿಗೆ ಪೆನ್ಸಿಲಿನಲ್ಲಿ ಗೆರೆ ಹಾಕಿ, ಪಕ್ಕದಲ್ಲಿ ತಾರೀಕು ಬರೆಯಿರಿ. ಎರಡು ತಿಂಗಳಾದ ಮೇಲೆ ಬಿರುಕು ಗೆರೆ ದಾಟಿದ್ದರೆ ಅದು ಇನ್ನೂ ಬೆಳೆಯುತ್ತಿದೆ ಎಂದರ್ಥ.

ಒಂದು ರೂಪಾಯಿ ನಾಣ್ಯದಿಂದ ಮೈಯೆಲ್ಲ ಮೆಲ್ಲಗೆ ತಟ್ಟಿ. ಗಟ್ಟಿ ಇರುವ ಕಡೆ ಟಣ್ ಎನ್ನುತ್ತದೆ. ಪದರ ಬಿಟ್ಟ ಕಡೆ ಒಣ ಸೋರೆಬುರುಡೆ ತಟ್ಟಿದ ಹಾಗೆ ಬೊಳ್ಳೆಂಬ ಶಬ್ದ. ಟೊಳ್ಳು ಇರುವಷ್ಟು ಜಾಗಕ್ಕೂ ಸೀಮೆಸುಣ್ಣದಲ್ಲಿ ಸುತ್ತು ಹಾಕಿ. ಕಣ್ಣಿಗೆ ಕಾಣುವ ಬಿರುಕು ಎರಡು ಇಂಚಿದ್ದರೂ ಟೊಳ್ಳು ಒಂದು ಗೇಣು ಇರಬಹುದು. ಜಿಂಕೆಯ ಕಾಲಿನಲ್ಲಿ ಹಾಗೇ ಇತ್ತು. ಗೊಂಬೆಯ ಹೊಟ್ಟೆಯೇ ಪೊಳ್ಳಾಗಿದ್ದರೆ ಅಲ್ಲಿಯ ಶಬ್ದ ಬೇರೆ ಇರುತ್ತದೆ. ಅದನ್ನು ಬಲಗಡೆ ಎಡಗಡೆ ಹೋಲಿಸಿ ತಿಳಿಯಬೇಕು.

ಕಂಬಿ ಎಲ್ಲಿದೆ ಎಂದು ತಿಳಿಯಲು ಹಳೇ ಸ್ಪೀಕರಿನ ಅಯಸ್ಕಾಂತ ಸಾಕು. ದಾರಕ್ಕೆ ಕಟ್ಟಿ ಮೈ ಹತ್ತಿರ ಇಳಿಬಿಡಿ. ಕಂಬಿ ಮೇಲ್ಗಡೆ ಇದ್ದಲ್ಲಿ ಅಂಟಿಕೊಳ್ಳಲು ಎಳೆಯುತ್ತದೆ. ಬಿರುಕಿನ ದಾರಿ ಮತ್ತು ಕಂಬಿಯ ದಾರಿ ಒಂದೇ ಆದರೆ ಬಹುತೇಕ ತುಕ್ಕು ಎಂದೇ ತಿಳಿಯಿರಿ.

ಇನ್ನು ಒಂದು ಪರೀಕ್ಷೆ ಇದೆ, ನನಗೆ ಎಲ್ಲಕ್ಕಿಂತ ನಂಬಿಕೆಯದ್ದು. ಫಿನಾಲ್ಫ್ಥಲೀನ್ ದ್ರಾವಣ, ಕಾಲೇಜಿನ ಕೆಮಿಸ್ಟ್ರಿ ಲ್ಯಾಬಿನಲ್ಲಿ ಬಳಸುತ್ತಾರಲ್ಲ, ಅದು. ಕೆಮಿಕಲ್ ಅಂಗಡಿಯಲ್ಲಿ ಸಿಗುತ್ತದೆ. ಈಗಷ್ಟೇ ಒಡೆದ ಭಾಗದ ಮೇಲೆ, ಧೂಳು ಊದಿ, ಎರಡು ಹನಿ ಹಾಕಿ. ಗಾಢ ಗುಲಾಬಿ ಬಂದರೆ ಅಲ್ಲಿ ಕ್ಷಾರ ಉಳಿದಿದೆ. ಬಣ್ಣವೇ ಬರದಿದ್ದರೆ ಕ್ಷಾರ ಹೋಗಿದೆ. ಒಡೆದ ಅಂಚಿನಲ್ಲಿ ಹೊರಗೆ ಬಣ್ಣ ಇಲ್ಲದೆ, ಒಳಗೆ ಗುಲಾಬಿ ಇರುವ ಗೆರೆ ಚೆನ್ನಾಗಿ ಕಾಣುತ್ತದೆ. ಆ ಗೆರೆ ಕಂಬಿಯನ್ನು ಮುಟ್ಟಿದೆಯಾ, ಇನ್ನೂ ದೂರ ಇದೆಯಾ? ಅದರ ಮೇಲೆ ಎಷ್ಟು ಕೆತ್ತಬೇಕು ಎಂದು ತೀರ್ಮಾನಿಸಬಹುದು.

ಗುಲಾಬಿ ಬಂದರೂ ಕಂಬಿ ತುಕ್ಕು ಹಿಡಿದಿದ್ದರೆ? ಆಗ ಉಪ್ಪಿನ ಮೇಲೆ ಅನುಮಾನ ಪಡಿ. ಸಮುದ್ರದ ಮರಳು ಬಳಸಿ ಮಾಡಿದ ಗೊಂಬೆಗಳಲ್ಲಿ, ಕಡಲ ಗಾಳಿ ಬಡಿಯುವ ಮನೆಗಳಲ್ಲಿ, ಉಪ್ಪಿನ ಕ್ಲೋರೈಡ್ ನೇರವಾಗಿ ಆ ಪೊರೆಯನ್ನೇ ತೂತು ಮಾಡುತ್ತದೆ. ಇದು ಕಷ್ಟದ ಕಾಯಿಲೆ. ಒಂದು ಕಡೆ ತೇಪೆ ಹಾಕಿದರೆ ಅದರ ಪಕ್ಕದಲ್ಲೇ ಹೊಸದಾಗಿ ತುಕ್ಕು ಏಳಬಹುದು. ಅಂಥ ಗೊಂಬೆಯನ್ನು ಜಗಲಿಯ ಸೂರಿನಡಿಗೆ ಸರಿಸುವುದೇ ನಿಜವಾದ ಚಿಕಿತ್ಸೆ.

ಕಾಣುವ ಲಕ್ಷಣ, ಅದರ ಹಿಂದಿನ ಕಾರಣ

ಮೈಯೆಲ್ಲ ಜೇಡರ ಬಲೆಯ ಹಾಗೆ ಕೂದಲೆಳೆ ಬಿರುಕು: ಮಾಡುವಾಗ ಸಿಮೆಂಟ್ ಜಾಸ್ತಿಯಾಗಿ, ನೀರು ಉಣಿಸದೆ ಬೇಗ ಒಣಗಿಸಿದ್ದರ ಗುರುತು. ನಾಣ್ಯ ತಟ್ಟಿದರೆ ಗಟ್ಟಿ ಶಬ್ದ ಬಂದರೆ ಹೆದರಬೇಕಿಲ್ಲ. ಸುಮ್ನೆ ಬಿಡಿ, ಅಥವಾ ಸುಣ್ಣ ಬಳಿಯಿರಿ.

ಕಂದು ಕಲೆ: ಬಿರುಕಿನಿಂದಲೇ ಇಳಿದಿದ್ದರೆ ಒಳಗಿನ ಕಂಬಿಯದ್ದು. ಬಿರುಕೇ ಇಲ್ಲದೆ ಕಲೆ ಇದ್ದರೆ ಮೇಲಕ್ಕೆ ನೋಡಿ. ಗೇಟಿನ ಕಬ್ಬಿಣದಿಂದಲೋ, ತಗಡಿನ ಮೊಳೆಯಿಂದಲೋ ಹನಿ ಬೀಳುತ್ತಿರಬಹುದು. ಮಲೆನಾಡಿನ ಕೆಂಪು ಮಣ್ಣು ಮಳೆಗೆ ಸಿಡಿದು ಬುಡ ಕೆಂಪಾಗುವುದೂ ಉಂಟು. ಅದಕ್ಕೆ ಒದ್ದೆ ಬ್ರಷ್ ಸಾಕು.

ಬಿಳಿ ಪುಡಿ ಅಥವಾ ಬಿಳಿ ಸೋರು: ಸ್ವಲ್ಪ ಕೆರೆದು ಒಂದು ತಟ್ಟೆಗೆ ಹಾಕಿ, ನೀರು ಬಿಡಿ. ಕರಗಿ ಹೋದರೆ ಅದು ಮಣ್ಣಿನಿಂದಲೋ ಗೊಬ್ಬರದಿಂದಲೋ ಏರಿದ ಉಪ್ಪು. ಕರಗದೆ, ವಿನೆಗರ್ ಬಿಟ್ಟಾಗ ನೊರೆ ಎದ್ದರೆ ಸಿಮೆಂಟಿನದ್ದೇ ಸುಣ್ಣ ತೊಳೆದು ಹೊರಗೆ ಬಂದದ್ದು. ಎರಡರಲ್ಲೂ ಅರ್ಥ ಒಂದೇ, ಒಳಗೆ ನೀರು ಓಡಾಡುತ್ತಿದೆ. ಪುಡಿಯನ್ನು ಒಣಗಿದ ಬ್ರಷ್‌ನಿಂದ ಗುಡಿಸಿ ತೆಗೆಯಿರಿ. ಆಮೇಲೆ ನೀರಿನ ದಾರಿ ಹುಡುಕಿ. ಬುಡ ನೇರ ಮಣ್ಣಿನ ಮೇಲೆ ಕೂತಿದೆಯಾ? ಮಡಿಲಿನಲ್ಲಿ, ತೋಳಿನ ಸಂದಿನಲ್ಲಿ ನೀರು ನಿಲ್ಲುತ್ತದಾ? ಬೆನ್ನ ಮೇಲಿನ ಹೂಕುಂಡಕ್ಕೆ ದಿನಾ ನೀರು ಹಾಕುತ್ತೀರಾ? ಹಂಸಗಳ ಕಾಯಿಲೆಗೆ ಹೆಚ್ಚಾಗಿ ಈ ಕೊನೆಯದೇ ಕಾರಣ.

ಕಪ್ಪು ಕಲೆ, ಹಸಿರು ಹಾವಸೆ, ಪಾಚಿ: ಕಪ್ಪಗಿರುವುದನ್ನು ಕೊಳೆ ಎಂದುಕೊಳ್ಳುತ್ತೇವೆ, ಅಲ್ವಾ? ಒಂದು ಲೋಟ ನೀರು ಹಾಕಿ ಕಾಯಿರಿ. ಹಸಿರಿಗೆ ತಿರುಗಿದರೆ ಅದು ಜೀವ ಇರುವ ಪಾಚಿ. ಮೆತ್ತನೆ ನೈಲಾನ್ ಬ್ರಷ್, ಬರೀ ನೀರು, ಜೊತೆಗೆ ಬಿದಿರಿನ ಕಡ್ಡಿ. ಇಷ್ಟೇ ಸಾಕು. ಒಣಗಿದ ಕಲ್ಲುಹೂವನ್ನು ನಾನು ಹಾಗೇ ಬಿಡುತ್ತೇನೆ. ಕಿತ್ತರೆ ಜೊತೆಗೆ ಮೇಲಿನ ಸಿಮೆಂಟೂ ಬರುತ್ತದೆ, ಗೊಂಬೆಯ ವಯಸ್ಸಿನ ಚಂದವೂ ಹೋಗುತ್ತದೆ.

ಇಲ್ಲಿ ಜನ ಮಾಡುವ ಮೂರು ತಪ್ಪುಗಳನ್ನು ಹೇಳಲೇಬೇಕು. ಬಾತ್‌ರೂಮಿನ ಆಸಿಡ್ ಹಾಕುವುದು: ಅದು ಪಾಚಿಯ ಜೊತೆ ಸಿಮೆಂಟನ್ನೂ ತಿನ್ನುತ್ತದೆ, ಹೋಗುವಾಗ ಕ್ಲೋರೈಡ್ ಬಿಟ್ಟು ಹೋಗುತ್ತದೆ. ಬ್ಲೀಚಿಂಗ್ ಪೌಡರ್ ಕೂಡ ಕ್ಲೋರೈಡ್ ಬಿಡುತ್ತದೆ. ಮೂರನೆಯದು ಕಾರು ತೊಳೆಯುವ ಪ್ರೆಷರ್ ಪಂಪು. ಹಳೇ ಗಾರೆಯ ಮೇಲಿನ ತೆಳು ಚರ್ಮವನ್ನು ಅದು ಒಂದೇ ನಿಮಿಷದಲ್ಲಿ ಕಿತ್ತು ಹಾಕುತ್ತದೆ. ಆ ಚರ್ಮದಲ್ಲೇ ಕಣ್ಣಿನ ರೆಪ್ಪೆ, ಸೀರೆಯ ನೆರಿಗೆ ಎಲ್ಲ ಇರುವುದು.

ಬಣ್ಣ ಗುಳ್ಳೆ ಎದ್ದು ಹೆಕ್ಕಳ ಬೀಳುವುದು: ಆಯಿಲ್ ಪೇಂಟು ಒಳಗಿನ ತೇವಕ್ಕೆ ಹೊರಬರುವ ದಾರಿ ಕೊಡುವುದಿಲ್ಲ. ಸಾಲದ್ದಕ್ಕೆ ಸಿಮೆಂಟಿನ ಕ್ಷಾರ ಅದರ ಎಣ್ಣೆಯನ್ನು ಸಾಬೂನಿನ ಹಾಗೆ ಮಾಡಿಬಿಡುತ್ತದೆ. ಬಣ್ಣ ತೆಗೆಯುವಾಗ ಎಚ್ಚರ ಇರಲಿ. ಹಳೇ ಎನಾಮೆಲ್ ಬಣ್ಣಗಳಲ್ಲಿ ಸೀಸ ಇರುವುದು ಸಾಮಾನ್ಯ. ಮನೆ ಬಣ್ಣಗಳಲ್ಲಿ ಸೀಸಕ್ಕೆ 90 ಪಿಪಿಎಂ (ಹತ್ತು ಲಕ್ಷದಲ್ಲಿ 90 ಭಾಗ) ಮಿತಿ ಹಾಕಿದ ನಿಯಮ ನಮ್ಮ ದೇಶದಲ್ಲಿ ಬಂದದ್ದೇ 2016ರಲ್ಲಿ. ಹಾಗಾಗಿ ಒಣ ಉಪ್ಪುಕಾಗದದಿಂದ ಉಜ್ಜಬೇಡಿ. ನೀರು ಹಾಕಿ ಕೆರೆಯಿರಿ, ಮಾಸ್ಕ್ ಹಾಕಿಕೊಳ್ಳಿ, ಮಕ್ಕಳನ್ನು ದೂರ ಇಡಿ, ಚಕ್ಕೆಗಳನ್ನು ಕಾಗದದ ಮೇಲೆ ಹಿಡಿದು ತೆಗೆದುಬಿಡಿ. ಕೆರೆಯುವ ಮೊದಲು ಕಾಣದ ಕಡೆ ಒಂದು ಬೆರಳಗಲ ಜಾಗದಲ್ಲಿ ಪದರ ಪದರವಾಗಿ ತೆಗೆದು ನೋಡಿ. ನಮ್ಮ ಜಿಂಕೆಯಲ್ಲಿ ಐದು ಪದರ ಸಿಕ್ಕಿತು. ಎಲ್ಲಕ್ಕಿಂತ ಕೆಳಗೆ ಕೆಮ್ಮಣ್ಣಿನ ಬಣ್ಣ, ಅದರ ಮೇಲೆ ಸುಣ್ಣದ ಚುಕ್ಕೆ. ಅಜ್ಜ ನೋಡಿದ ಜಿಂಕೆ ಅದು.

ತುಕ್ಕಿನ ಬಿರುಕು: ಪೂರ್ತಿ ಚಿಕಿತ್ಸೆ

ಮಳೆಗಾಲ ಮುಗಿದ ಮೇಲೆ ಶುರು ಮಾಡಿ. ಕನ್ನಡಕ, ಮಾಸ್ಕ್ ಬೇಕೇ ಬೇಕು.

ಕಾಲಿನ ಕೆಲಸವಾದರೆ ಮೊದಲು ಹೊಟ್ಟೆಯ ಕೆಳಗೆ ಇಟ್ಟಿಗೆ, ಹಲಗೆ, ಗೋಣಿಚೀಲ ಇಟ್ಟು ಭಾರ ಹೊರಿಸಿ. ಆಮೇಲೆ ಸಣ್ಣ ಚಾಣದಿಂದ ಟೊಳ್ಳು ಇರುವಷ್ಟನ್ನೂ ಬಿಡಿಸಿ. ತುಕ್ಕು ಹಿಡಿದ ಕಂಬಿಯ ಹಿಂದೆಯೂ ಬೆರಳು ಹೋಗುವಷ್ಟು ಬಿಡಿಸಬೇಕು. ಮುಂದಿನ ಭಾಗ ಮಾತ್ರ ಶುಚಿ ಮಾಡಿದರೆ ಬೆನ್ನಿನ ತುಕ್ಕು ಮತ್ತೆ ತಳ್ಳುತ್ತದೆ. ಹೊಳೆಯುವ ಕಬ್ಬಿಣ ಸಿಗುವ ತನಕ ಕಂಬಿಯ ದಾರಿಯಲ್ಲೇ ಮುಂದೆ ಹೋಗಿ. ನಮ್ಮ ಜಿಂಕೆಯಲ್ಲಿ ಎರಡು ಇಂಚು ಬಿರುಕಿಗೆ ಒಂಬತ್ತು ಇಂಚು ಬಿಡಿಸಬೇಕಾಯಿತು. ಮನಸ್ಸು ಚುರ್ ಎನ್ನುತ್ತದೆ, ನಿಜ. ಆದರೂ ಬಿಡಿಸಿ. ತೇಪೆಯ ಅಂಚನ್ನು ಚಪಾತಿಯ ಅಂಚಿನ ಹಾಗೆ ತೆಳ್ಳಗೆ ಬಿಡಬೇಡಿ. ಸುತ್ತಲೂ 5ರಿಂದ 10 ಮಿಲಿಮೀಟರ್ ಆಳಕ್ಕೆ ನೇರವಾಗಿ ಕತ್ತರಿಸಿ. ತೆಳು ಅಂಚು ಎದ್ದು ಬರುವುದೇ ಮೊದಲು.

ತಂತಿ ಬ್ರಷ್ ಮತ್ತು ಉಪ್ಪುಕಾಗದದಿಂದ ಕಂಬಿ ಬೆಳ್ಳಗಾಗುವ ತನಕ ಉಜ್ಜಿ. ಕಾಲು ಭಾಗಕ್ಕಿಂತ ಹೆಚ್ಚು ಸವೆದಿದ್ದರೆ ಪಕ್ಕದಲ್ಲಿ ಸ್ಟೇನ್‌ಲೆಸ್ ಸ್ಟೀಲ್ ಕಂಬಿ ಕಟ್ಟಿ. ಒಳನಾಡಿಗೆ 304 ನಂಬರಿನದು ಸಾಕು, ಕರಾವಳಿಗೆ 316 ಒಳ್ಳೆಯದು. ಉಜ್ಜಿದ ದಿನವೇ ಸತುವಿನ ಪ್ರೈಮರ್ ಹಚ್ಚಿ. ರಾತ್ರಿ ಬಿಟ್ಟರೆ ಬೆಳಗ್ಗೆಗೆ ಮತ್ತೆ ಕೆಂಪಾಗಿರುತ್ತದೆ.

ಹಳೇ ಗಾರೆ ಒಣಗಿದ್ದರೆ ಹೊಸ ಗಾರೆಯ ನೀರನ್ನು ಹೀರಿಬಿಡುತ್ತದೆ. ಹಿಂದಿನ ರಾತ್ರಿಯಿಂದ ಒದ್ದೆ ಬಟ್ಟೆ ಸುತ್ತಿಡಿ. ಗಾರೆ ಹಾಕುವಾಗ ಮೈ ತೇವ ಇರಬೇಕು, ನೀರು ಹೊಳೆಯಬಾರದು. ಸಿಮೆಂಟಿಗೆ ಎಸ್‌ಬಿಆರ್ ಲೇಟೆಕ್ಸ್ (ಹಾಲಿನ ಹಾಗಿರುವ ರಬ್ಬರಿನ ಅಂಟುದ್ರವ) ಕಲಸಿ ದೋಸೆಹಿಟ್ಟಿನ ಹದಕ್ಕೆ ತಂದು ಬ್ರಷ್‌ನಲ್ಲಿ ಬಳಿಯಿರಿ. ಅದು ಅಂಟಂಟಾಗಿ ಇರುವಾಗಲೇ ಗಾರೆ ಒತ್ತಿ. ಒಣಗಿ ಹೋದರೆ ಅಂಟಿಸುವ ಬದಲು ಬಿಡಿಸುತ್ತದೆ.

ಕಂಬಿಯ ಸುತ್ತ 1 ಸಿಮೆಂಟ್, 3 ಜರಡಿ ಹಿಡಿದ ಮರಳು. ಕಬ್ಬಿಣಕ್ಕೆ ಕ್ಷಾರ ಬೇಕಲ್ಲ, ಅದಕ್ಕೆ. ಆದರೆ ಕಂಬಿ ಇಲ್ಲದ ಕಡೆ, ಹಳೇ ಗಾರೆ ಉಗುರಿಗೆ ಉದುರುವಷ್ಟು ಮೆತ್ತಗಿದ್ದರೆ, 1 ಸಿಮೆಂಟ್, 1 ಸುಣ್ಣ, 6 ಮರಳು ಸಾಕು. ತೇಪೆ ಹಳೇ ಮೈಗಿಂತ ಗಟ್ಟಿಯಾದರೆ ಬಿಸಿಲಿಗೆ ಹಿಗ್ಗಿ ಕುಗ್ಗುವಾಗ ಹಳೇದನ್ನೇ ಕಿತ್ತುಕೊಂಡು ಬರುತ್ತದೆ. ಒಂದು ಸಲಕ್ಕೆ 10 ಮಿಲಿಮೀಟರಿಗಿಂತ ದಪ್ಪ ಬೇಡ. ಮೊದಲ ಪದರಕ್ಕೆ ಮೊಳೆಯಲ್ಲಿ ಗೀರು ಹಾಕಿ, ಬಿಗಿದ ಮೇಲೆ ಎರಡನೆಯದು.

ನೆರಳು ಮಾಡಿ. ಬರೀ ಸಿಮೆಂಟ್ ಗಾರೆಯಾದರೆ ಏಳು ದಿನ ಒದ್ದೆ ಗೋಣಿ ಸುತ್ತಿ. ಗಾರೆಗೂ ಲೇಟೆಕ್ಸ್ ಕಲಸಿದ್ದರೆ ಒಂದೆರಡು ದಿನ ತೇವ ಇಟ್ಟು, ಆಮೇಲೆ ನೆರಳಿನಲ್ಲಿ ಒಣಗಲು ಬಿಡಿ. ಲೇಟೆಕ್ಸ್ ಗಟ್ಟಿಯಾಗಲು ಒಣಗಬೇಕು.

ಬಣ್ಣ ಹೊಂದಿಸುವುದಕ್ಕೆ ಅವಸರ ಬೇಡ. ಬೇರೆ ಬೇರೆ ಮರಳಿನಲ್ಲಿ ನಾಲ್ಕೈದು ಬಿಲ್ಲೆ ಮಾಡಿ, ಒಂದು ವಾರ ಒಣಗಿಸಿ, ಗೊಂಬೆಯ ಪಕ್ಕ ಹಿಡಿದು ನೋಡಿ. ಒದ್ದೆ ಮಾಡಿಯೂ ನೋಡಿ. ಹಳೇ ಮೈಯಲ್ಲಿ ಸಿಮೆಂಟ್ ಸವೆದು ಮರಳು ಕಾಣುತ್ತಿರುತ್ತದೆ. ಹಾಗಾಗಿ ಮರಳಿನ ಬಣ್ಣ ಹೊಂದಿದರೆ ಮುಕ್ಕಾಲು ಕೆಲಸ ಆದ ಹಾಗೆ. ಗಾರೆ ಅರೆಬಿಗಿದಾಗ ಒದ್ದೆ ಸ್ಪಂಜಿನಿಂದ ಮೆಲ್ಲಗೆ ಒತ್ತಿ ತೆಗೆದರೆ ಮರಳು ಮೇಲೆ ಬರುತ್ತದೆ. ಬಣ್ಣಕ್ಕೆ ಆಕ್ಸೈಡ್ ಪುಡಿ ಹಾಕುವುದಾದರೆ ಸಿಮೆಂಟಿನ ತೂಕದ ನೂರಕ್ಕೆ 5 ಭಾಗ ದಾಟಬೇಡಿ.

ಮುರಿದು ಬಿದ್ದ ಕೈ, ಕೊಂಬು, ಕೊಕ್ಕು

ಬಿದ್ದ ತುಂಡನ್ನು ಎಸೆಯಬೇಡಿ. ಪುಡಿ ಚೂರುಗಳನ್ನೂ ಡಬ್ಬಿಯಲ್ಲಿ ಇಡಿ. ಮೊದಲು ಒಣಗಿದ ಹಾಗೇ ಜೋಡಿಸಿ ನೋಡಿ. ಸರಿಯಾಗಿ ಕೂತರೆ ಎರಡೂ ಕಡೆ 8 ಮಿಲಿಮೀಟರ್ ತೂತು, ಸುಮಾರು 40 ಮಿಲಿಮೀಟರ್ ಆಳ. ಹ್ಯಾಮರ್ ಬೇಡ, ಬರೀ ತಿರುಗುವ ಡ್ರಿಲ್. ಧೂಳನ್ನು ಸೈಕಲ್ ಪಂಪಿನಿಂದ ಊದಿ ತೆಗೆಯಿರಿ. 6 ಮಿಲಿಮೀಟರ್ ಸ್ಟೇನ್‌ಲೆಸ್ ಕಡ್ಡಿಗೆ ಎರಡು ಡಬ್ಬಿಯ ಎಪಾಕ್ಸಿ ಹಚ್ಚಿ ಕೂರಿಸಿ. ಎಪಾಕ್ಸಿ ಅಂಚಿನ ತನಕ ಬರಬಾರದು, ಬಿಸಿಲಿಗೆ ಹಳದಿಯಾಗುತ್ತದೆ. ಹೊರಗಿನ ಸಂದಿಗೆ ಗಾರೆಯನ್ನೇ ತುಂಬಿ. ಗೊಂಬೆಯನ್ನು ಮಲಗಿಸಲು ಆಗುವುದಾದರೆ ಮರಳು ತುಂಬಿದ ಬಾಂಡ್ಲಿಯಲ್ಲಿ ಕೈಯನ್ನು ಹುದುಗಿಸಿ ಒಂದು ದಿನ ಬಿಡಿ. ಯಾವ ಕ್ಲ್ಯಾಂಪಿಗಿಂತಲೂ ಅದು ಚೆನ್ನಾಗಿ ಹಿಡಿಯುತ್ತದೆ.

ಮೂಗೋ ಬೆರಳೋ ಕಳೆದೇ ಹೋಗಿದ್ದರೆ? ಹಳೇ ಫೋಟೊ ಇದ್ದರೆ ನೋಡಿ ಮಾಡಿ. ಇಲ್ಲದಿದ್ದರೆ ಹಾಗೇ ಇರಲಿ ಎಂಬುದು ನನ್ನ ಅಭಿಪ್ರಾಯ. ಶಿಗ್ಗಾಂವಿ ಹತ್ತಿರದ ಗೊಟಗೋಡಿಯ ರಾಕ್ ಗಾರ್ಡನ್‌ನಲ್ಲಿ ಹಳ್ಳಿಯ ಬದುಕನ್ನು ಸಿಮೆಂಟಿನಲ್ಲಿ ನಿಲ್ಲಿಸಿದ್ದಾರೆ. ಅಲ್ಲಿಯ ಮುಖಗಳನ್ನು ನೋಡಿದವರಿಗೆ ಗೊತ್ತು, ತುಟಿಯ ಒಂದು ಗೆರೆ ಆಚೀಚೆಯಾದರೆ ಆ ಮನುಷ್ಯನೇ ಬದಲಾಗುತ್ತಾನೆ. ಅಂಗಳದ ಗೊಂಬೆ ಮಾಡಿದ ಮೇಸ್ತ್ರಿಯ ಕೈಗೂ ಅದೇ ಮರ್ಯಾದೆ ಸಲ್ಲಬೇಕು.

ಮತ್ತೆ ನೀರು ಹೋಗದ ಹಾಗೆ

ಗೊಂಬೆಯನ್ನು ಮಣ್ಣಿನಿಂದ ಎತ್ತಿ, ಕಲ್ಲಿನ ಚಪ್ಪಡಿಯ ಮೇಲೆ ಮೂರು ಸಣ್ಣ ಬಿಲ್ಲೆ ಇಟ್ಟು ಕೂರಿಸಿ. ಅಡಿಯಲ್ಲಿ ಗಾಳಿ ಆಡಬೇಕು. ಭಾರದ ಗೊಂಬೆ ಎತ್ತಲು ಒಬ್ಬರೇ ಹೋಗಬೇಡಿ. ಪೊಳ್ಳು ಹೊಟ್ಟೆಯಿದ್ದರೆ ಅತಿ ಕೆಳಗಿನ ಜಾಗದಲ್ಲಿ ಕಿರುಬೆರಳು ಗಾತ್ರದ ತೂತು ಕೊರೆಯಿರಿ. ನೆಂಟರ ಮನೆಯ ಒಂದು ಸಿಂಹಕ್ಕೆ ಹೀಗೆ ಕೊರೆದಾಗ ಅರ್ಧ ಕೊಡ ನೀರು ಬಂತು. ನೀರು ನಿಲ್ಲುವ ಮಡಿಲಿಗೆ ಗಾರೆಯಲ್ಲಿ ಸಣ್ಣ ಇಳಿಜಾರು ಕೊಡಿ.

ಮೇಲ್ಹೊದಿಕೆಗೆ ನನ್ನ ಮೊದಲ ಆಯ್ಕೆ ಸುಣ್ಣ. ಉಸಿರಾಡುತ್ತದೆ, ಸಣ್ಣ ಬಿರುಕು ಮುಚ್ಚುತ್ತದೆ, ಬೇಡವಾದರೆ ಉಜ್ಜಿ ತೆಗೆಯಬಹುದು. ಕೆಮ್ಮಣ್ಣು ಸೇರಿಸಿದರೆ ಬಣ್ಣವೂ ಆಯಿತು. ಸಿಮೆಂಟಿನ ಮೈಯೇ ಕಾಣಬೇಕು ಎನ್ನುವವರು ಸಿಲೇನ್-ಸಿಲೋಕ್ಸೇನ್ ಬಗೆಯ ನೀರು ತಡೆಯುವ ದ್ರವ ಹಚ್ಚಬಹುದು. ಹೊಸ ತೇಪೆಗೆ 28 ದಿನ ಆಗಿರಬೇಕು, ಗೊಂಬೆ ಪೂರ್ತಿ ಒಣಗಿರಬೇಕು. ಬುಡದಿಂದ ಉಪ್ಪು ಏರುತ್ತಿದ್ದರೆ ಇದನ್ನು ಹಚ್ಚಲೇಬೇಡಿ. ಉಪ್ಪು ಒಳಗೇ ಹರಳುಗಟ್ಟಿ ಮೇಲಿನ ಪದರವನ್ನು ಒಡೆಯುತ್ತದೆ.

ನಾನು ವರ್ಷಕ್ಕೆ ಎರಡು ಸಲ ಜಿಂಕೆಯ ಹತ್ತಿರ ನಾಣ್ಯ ಹಿಡಿದು ಕೂರುತ್ತೇನೆ. ಮೇ ಕೊನೆಗೆ ಒಮ್ಮೆ, ಮಳೆ ಹೋದ ಮೇಲೆ ಒಮ್ಮೆ. ಜೂನಿನ ಮೊದಲ ಜೋರು ಮಳೆಗೆ ಕೊಡೆ ಹಿಡಿದು ಹೊರಗೆ ಹೋಗಿ, ನೀರು ಎಲ್ಲಿ ಹರಿಯುತ್ತದೆ, ಎಲ್ಲಿ ನಿಲ್ಲುತ್ತದೆ ಎಂದು ನೋಡುತ್ತೇನೆ. ಹೋದ ವರ್ಷ ಬಾಲದ ಬುಡದಲ್ಲಿ ಒಂದು ಚಮಚದಷ್ಟು ನೀರು ನಿಂತದ್ದು ಕಂಡಿತು. ಈ ಸಲ ಮಳೆ ಹಿಡಿಯುವ ಮೊದಲೇ ಅಲ್ಲಿ ಗಾರೆ ಹಾಕಿ ಇಳಿಜಾರು ಮಾಡಿದ್ದೇನೆ.